ನಮ್ಮ ಕಡೆ ದಂಡೆ ಕುಸಿತ, ಎದುರು ಕಡೆ ಮರಳು: ಹೊಳೆ ಹೀಗೇಕೆ ಮಾಡುತ್ತದೆ?

ಪ್ರಶ್ನೆ: ನಮ್ಮ ತೋಟದ ಕಡೆಯ ದಂಡೆ ಪ್ರತಿ ಮಳೆಗಾಲವೂ ಕುಸಿಯುತ್ತಿದೆ. ಎದುರು ದಂಡೆಯಲ್ಲಿ ಮರಳು ಬೀಳುತ್ತಿದೆ. ಹರಿಯುವುದು ಒಂದೇ ನೀರಲ್ಲವೇ? ಕಲ್ಲು ಸುರಿದರೆ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ತೋಟ ಇರುವುದು ಹೊಳೆಯ ತಿರುವಿನ ಹೊರಬದಿಯಲ್ಲಿ. ತಿರುಗುವ ನೀರು ಹೊರಕ್ಕೆ ಒತ್ತುತ್ತದೆ, ಹಾಗಾಗಿ ಆ ಕಡೆ ನೀರಿನ ಮಟ್ಟವೇ ತುಸು ಏರುತ್ತದೆ. ಮೇಲಿನ ರಭಸದ ನೀರು ಹೊರದಂಡೆಗೆ ಬಡಿದು ಕೆಳಗಿಳಿದು ಬುಡವನ್ನು ಕೊರೆಯುತ್ತದೆ. ತಳಕ್ಕೆ ಉಜ್ಜಿ ನಿಧಾನವಾದ ನೀರು ಒಳದಂಡೆಯತ್ತ ಸರಿಯುತ್ತದೆ, ಮರಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹೊಳೆ ಮುಂದಕ್ಕೆ ಹರಿಯುತ್ತಲೇ ಸುರುಳಿ ಸುತ್ತುತ್ತಿರುತ್ತದೆ.

ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಬಳಸಿದ ಟೀ ಸೊಪ್ಪು ಹಾಕಿ, ಚಮಚದಿಂದ ಜೋರಾಗಿ ತಿರುಗಿಸಿ ಬಿಡಿ. ಸೊಪ್ಪು ಅಂಚಿಗೆ ಹೋಗದೆ ತಳದ ನಡುವೆ ಗುಡ್ಡೆಯಾಗುತ್ತದೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ನದಿಗಳ ತಿರುವನ್ನು ವಿವರಿಸಿದ್ದು ಇದೇ ಉದಾಹರಣೆಯಿಂದ.

ಎದುರು ಬಿದ್ದ ಮರಳು ಬಹುಪಾಲು ನಿಮ್ಮ ಮಣ್ಣಲ್ಲ, ಮೇಲಿನ ತಿರುವುಗಳಲ್ಲಿ ಕೊರೆದು ಬಂದದ್ದು. ನಿಮ್ಮದು ಕೆಳಗಿನ ಊರಿಗೆ ಹೋಗುತ್ತದೆ. ಒಂದೆಡೆ ಮರಳು, ಇನ್ನೊಂದೆಡೆ ಆಳ ಎಂಬ ಈ ಜೋಡಿಯನ್ನು ಕಾವೇರಿ ತೀರದ ಜನ ಬಹಳ ಹಿಂದೆಯೇ ಗಮನಿಸಿದ್ದರು: ಅಲಮೇಲಮ್ಮನ ಶಾಪದ ಮಾತಿನಲ್ಲಿ ತಲಕಾಡಿಗೆ ಮರಳು, ಮಾಲಂಗಿಗೆ ಮಡು. (ತಲಕಾಡಿನ ದಿಬ್ಬಗಳಲ್ಲಿ ಗಾಳಿಯ ಪಾಲೂ ದೊಡ್ಡದು.)

ದಂಡೆ ಕುಸಿಯುವುದು ನೆರೆ ಏರಿದಾಗ ಮಾತ್ರ ಎಂದುಕೊಳ್ಳಬೇಡಿ. ನೆರೆ ಸರಕ್ಕನೆ ಇಳಿಯುವಾಗ ಇನ್ನೂ ಅಪಾಯ. ನೆನೆದು ಭಾರವಾದ ಮಣ್ಣಿಗೆ ಅಲ್ಲಿಯವರೆಗೆ ಆನಿಸಿ ನಿಂತಿದ್ದ ನೀರಿನ ಆಸರೆ ತಪ್ಪುತ್ತದೆ. ದಂಡೆಯ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಆ ತುಂಡು ಹೋದಂತೆಯೇ. ದನ, ಪಂಪ್‌ಸೆಟ್ಟು ಹಿಂದಕ್ಕೆ ಸರಿಸಿ. ಮೇಲೆ ಜೇಡಿ, ಕೆಳಗೆ ಮರಳಿನ ಪದರ ಇದ್ದರೆ ಕೊರೆತ ಇನ್ನೂ ಬೇಗ. ಅರ್ಧ ಮಿಲಿಮೀಟರಿನ ಮರಳು ಕದಲಲು ಸೆಕೆಂಡಿಗೆ 20–30 ಸೆಂಟಿಮೀಟರ್ ವೇಗ ಸಾಕು. ಗಟ್ಟಿ ಜೇಡಿಗೆ ಅದರ ಹಲವು ಪಟ್ಟು ಬೇಕು. ಮರಳು ಮೊದಲು ಹೋಗುತ್ತದೆ, ಮೇಲೆ ಚಾಚಿ ನಿಂತ ಜೇಡಿ ಹೆಂಟೆಹೆಂಟೆಯಾಗಿ ಬೀಳುತ್ತದೆ.

ಇನ್ನು ಕಲ್ಲು. ದಂಡೆಯ ಮೇಲಿಂದ ಟ್ರ್ಯಾಕ್ಟರಿನಲ್ಲಿ ಸುರಿದ ಕಲ್ಲು ನಿಲ್ಲುವುದು ಅಪರೂಪ. ಅದು ದಂಡೆಗೆ ಭಾರ, ಬುಡಕ್ಕೆ ರಕ್ಷಣೆಯಿಲ್ಲ. ಕೆಲಸ ಬುಡದಿಂದ ಶುರುವಾಗಬೇಕು. ನೆರೆಯ ನೀರಿನ ಮಟ್ಟದಿಂದ ತಳ ಎಷ್ಟು ಆಳಕ್ಕೆ ಕೊರೆಯಬಹುದು ಎಂದು ಅಂದಾಜಿಸಲು ಲೇಸಿ ಸೂತ್ರ ಎಂಬ ಲೆಕ್ಕವಿದೆ. ಎಂಜಿನಿಯರುಗಳು ಅದರಿಂದ ಬಂದ ಆಳವನ್ನು ನೇರ ಹರಿವಿನಲ್ಲಿ 1.25ರಿಂದ, ಸಾಧಾರಣ ತಿರುವಿನಲ್ಲಿ 1.5ರಿಂದ, ಕಡಿದಾದ ತಿರುವಿನಲ್ಲಿ 1.75ರಿಂದ ಗುಣಿಸುತ್ತಾರೆ. ಕಲ್ಲಿನ ಬುಡ ಆ ಆಳಕ್ಕೆ ಇಳಿಯಬೇಕು. ಅಷ್ಟು ಅಗೆಯಲಾಗದಿದ್ದರೆ ಬುಡದಾಚೆ ತಳದ ಮೇಲೆ ಕಲ್ಲಿನ ಹಾಸು ಹಾಕಬೇಕು. ತಳ ಕೊರೆದಂತೆ ಆ ಕಲ್ಲುಗಳು ತಾವಾಗಿ ಜಾರಿ ಇಳಿಜಾರನ್ನು ಹೊದೆಯುತ್ತವೆ. ಇಳಿಜಾರಿನ ಕಲ್ಲಿನ ಕೆಳಗೆ ಜಲ್ಲಿಯ ಪದರ ಬೇಕೇ ಬೇಕು. ಇಲ್ಲವಾದರೆ ಸಂದಿಗಳಿಂದ ನುಣ್ಣನೆ ಮಣ್ಣು ಸೋರಿ ಕಲ್ಲು ಕುಸಿಯುತ್ತದೆ.

ಲಾವಂಚದ ಬೇರು 2–3 ಮೀಟರ್ ಇಳಿಯುತ್ತದೆ, ಇಳಿಜಾರಿಗೆ ಒಳ್ಳೆಯದು. ಆದರೆ ಬೇರಿಗಿಂತ ಕೆಳಗೆ ನೀರು ಕೊರೆದರೆ ಅದೂ ಮಣ್ಣಿನ ಜೊತೆಗೇ ಬೀಳುತ್ತದೆ. ಹೊಳೆಯ ತಳದಲ್ಲಿ ಆಳಕ್ಕೆ ಮರಳು ತೆಗೆಯುವುದನ್ನಂತೂ ತಡೆಯಲೇಬೇಕು. ತಳ ಇಳಿದಷ್ಟೂ ಎರಡೂ ದಂಡೆ ಎತ್ತರವಾಗಿ ಬೇಗ ಕುಸಿಯುತ್ತವೆ.

ಕೊರೆತ ಜೋರಾಗಿರುವುದು ಸಾಮಾನ್ಯವಾಗಿ ತಿರುವಿನ ನಡುವಿಗಿಂತ ತುಸು ಕೆಳಗೆ. ಕಲ್ಲುಕಟ್ಟಣೆ ಅಲ್ಲಿಯವರೆಗೂ ಹೋಗಬೇಕು, ಅದರ ತುದಿಯನ್ನು ದಂಡೆಯೊಳಕ್ಕೆ ಹುಗಿಯಬೇಕು. ನಡುವೆಯೇ ನಿಲ್ಲಿಸಿದರೆ ನೀರು ಆ ತುದಿಯ ಹಿಂದೆ ನುಗ್ಗಿ ಪಕ್ಕದವರ ಹೊಲವನ್ನು ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಹೊಲದವರ ಜೊತೆ ಮಾತಾಡಿ, ಬುಡ ಕಾಣುವ ಬೇಸಿಗೆಯಲ್ಲಿ ಕೆಲಸ ಹಿಡಿಯಿರಿ.