ಕಟ್ಟಡ ಯೋಜನೆಗೆ ಪರಿಸರ ಅನುಮತಿ: ನೆಲದ ದಾಖಲೆ, ನೀರಿನ ಲೆಕ್ಕ

ಬೆಂಗಳೂರು ಸುತ್ತಮುತ್ತ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್ ಅಥವಾ ಬಡಾವಣೆ ಕಟ್ಟುವವರಿಗೆ ಪರಿಸರ ಸಲಹೆಗಾರ ನೆನಪಾಗುವುದು ಸಾಮಾನ್ಯವಾಗಿ ನಕ್ಷೆಯೆಲ್ಲ ಸಿದ್ಧವಾದ ಮೇಲೆ. ಅಷ್ಟರಲ್ಲಿ ಟವರ್ ಎಲ್ಲಿ, ನೆಲಮಾಳಿಗೆ ಎಷ್ಟು ಆಳ, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಯಾವ ಮೂಲೆಯಲ್ಲಿ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಆಮೇಲೆ ಜಾಗದೊಳಗೆ ಹಳ್ಳವೊಂದು ಹಾದುಹೋಗುವುದು ತಿಳಿದರೆ ಇಡೀ ವಿನ್ಯಾಸ ಮತ್ತೆ ಶುರು. ಆದ್ದರಿಂದ ಈ ಟಿಪ್ಪಣಿಯಲ್ಲಿ ಕಾನೂನಿನ ಪಟ್ಟಿಗಿಂತ ಕಡತ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಸಿಕ್ಕಿಬೀಳುವ ಮುಖ್ಯ ಜಾಗಗಳು ಎರಡು: ನೆಲದ ದಾಖಲೆ ಮತ್ತು ನೀರಿನ ಲೆಕ್ಕ.

ಅನುಮತಿ ಯಾರಿಗೆ ಬೇಕು

ಮೂಲ ಆಧಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2006ರ ಸೆಪ್ಟೆಂಬರ್ 14ರಂದು ಹೊರಬಂದ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ. ಅದರ ಪಟ್ಟಿಯ 8(ಎ) ಪ್ರಕಾರ 20,000 ಚದರ ಮೀಟರ್‌ ಅಥವಾ ಅದಕ್ಕಿಂತ ಹೆಚ್ಚು, 1,50,000ಕ್ಕಿಂತ ಕಡಿಮೆ ನಿರ್ಮಿತ ವಿಸ್ತೀರ್ಣವಿರುವ ಕಟ್ಟಡಗಳಿಗೆ ಪೂರ್ವಾನುಮತಿ ಬೇಕು. 1,50,000 ಮುಟ್ಟಿದರೆ ಅಥವಾ ಜಾಗವೇ 50 ಹೆಕ್ಟೇರ್ ಮುಟ್ಟಿದರೆ 8(ಬಿ). ಈ ಎರಡರ ನಡುವೆ ಕೆಲಸದ ವ್ಯತ್ಯಾಸ ದೊಡ್ಡದು. 8(ಎ)ಗೆ ಅರ್ಜಿ ನಮೂನೆಗಳು ಮತ್ತು ಪರಿಕಲ್ಪನಾ ನಕ್ಷೆ ಸಾಕು. 8(ಬಿ)ಗೆ ಅಧ್ಯಯನದ ಷರತ್ತುಗಳನ್ನು ಮೊದಲು ಪಡೆದು, ಮಳೆಗಾಲ ಬಿಟ್ಟು ಒಂದು ಋತುವಿನ ಗಾಳಿ, ನೀರು, ಮಣ್ಣು, ಶಬ್ದದ ಮಾಪನ ಮಾಡಿ ಪೂರ್ಣ ಇಐಎ ವರದಿ ಸಲ್ಲಿಸಬೇಕು. ವರದಿ ಬರೆಯುವ ಸಂಸ್ಥೆಗೆ ನ್ಯಾಬೆಟ್ (ಸಲಹಾ ಸಂಸ್ಥೆಗಳ ಅರ್ಹತೆ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಲೇಬೇಕು.

ವಿಸ್ತೀರ್ಣದ ಲೆಕ್ಕದಲ್ಲೇ ಮೊದಲ ಎಡವಟ್ಟು ಆಗುತ್ತದೆ. ನಗರ ಯೋಜನಾ ಪ್ರಾಧಿಕಾರಕ್ಕೆ ಕೊಡುವ ಎಫ್‌ಎಆರ್ (ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಲೆಕ್ಕವೇ ಬೇರೆ, ಪರಿಸರ ಅನುಮತಿಯ ಲೆಕ್ಕವೇ ಬೇರೆ. 2011ರ ಏಪ್ರಿಲ್ 4ರ ತಿದ್ದುಪಡಿಯ ನಂತರ ನೆಲಮಾಳಿಗೆ ಮತ್ತು ಸೇವಾ ಪ್ರದೇಶಗಳೂ ಸೇರಿ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ಎಣಿಕೆಗೆ ಬರುತ್ತದೆ. ಎಫ್‌ಎಆರ್‌ನಲ್ಲಿ 17,500 ಚ.ಮೀ. ತೋರಿಸುವ ಯೋಜನೆಗೆ ಎರಡು ನೆಲಮಾಳಿಗೆ 8,000, ಕ್ಲಬ್‌ಹೌಸ್ 700, ಮೆಟ್ಟಿಲು, ಲಿಫ್ಟ್, ಬಾಲ್ಕನಿ, ಪಂಪು ಮತ್ತು ಜನರೇಟರ್ ಕೊಠಡಿಗಳ 1,900 ಕೂಡಿಸಿದರೆ 28,100 ಆಗುತ್ತದೆ. ‘ನಮ್ಮದು ಮಿತಿಯೊಳಗೇ ಇದೆ’ ಎಂದು ನಂಬಿ ಪಾಯ ತೋಡಿದವರು ಉಲ್ಲಂಘನೆಯ ಪಟ್ಟಿಗೆ ಸೇರುವುದು ಹೀಗೆ. ಒಂದೇ ಮಾಲೀಕತ್ವ, ಒಂದೇ ರಸ್ತೆ, ಒಂದೇ ಎಸ್‌ಟಿಪಿ ಇರುವ ಯೋಜನೆಯನ್ನು ಎರಡಾಗಿ ಒಡೆದು ತಲಾ 19,000 ಎಂದು ತೋರಿಸುವ ಸಲಹೆಯನ್ನೂ ಯಾರಿಗೂ ಕೊಡಬಾರದು. ಅರ್ಜಿ ನೋಡುವ ರಾಜ್ಯದ ಪರಿಶೀಲನಾ ಸಮಿತಿ ಮೊದಲು ಹುಡುಕುವುದೇ ಅದನ್ನು.

ಶಾಲೆ, ಕಾಲೇಜು, ಕೈಗಾರಿಕಾ ಶೆಡ್‌ಗಳಿಗೆ ವಿನಾಯಿತಿ ಇದೆ ಎಂದು ಹಳೆಯ ಟಿಪ್ಪಣಿಗಳಲ್ಲಿ ಓದಿದ್ದರೆ ತಿದ್ದಿಕೊಳ್ಳಿ. 2025ರ ಜನವರಿ 29ರ ಅಧಿಸೂಚನೆಯಲ್ಲಿದ್ದ ಆ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟ್ 5ರಂದು ರದ್ದುಪಡಿಸಿತು.

‘ಪೂರ್ವ’ ಅನುಮತಿ ಎಂದಾಗ ಅದು ಕಟ್ಟಡಕ್ಕೆ ಮಾತ್ರ ಅನ್ವಯಿಸುವುದಿಲ್ಲ, ನೆಲ ಸಿದ್ಧಪಡಿಸುವ ಕೆಲಸಕ್ಕೂ ಅನ್ವಯಿಸುತ್ತದೆ. ಬೇಲಿ ಹಾಕಿ ಜಾಗ ಕಾಪಾಡಿಕೊಳ್ಳಬಹುದು, ಕಾವಲಿಗೆ ತಾತ್ಕಾಲಿಕ ಶೆಡ್ ಹಾಕಬಹುದು. ಜೆಸಿಬಿ ತಂದು ನೆಲಮಾಳಿಗೆಗೆ ಮಣ್ಣು ತೆಗೆಯುವಂತಿಲ್ಲ.

ನೆಲದ ದಾಖಲೆ: ಹಳ್ಳ ಎಲ್ಲಿದೆ?

ಜಾಗಕ್ಕೆ ಹೋಗುವ ಮುನ್ನ ಪಹಣಿ, ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಭೂ ಪರಿವರ್ತನೆ ಆದೇಶ ಕೈಯಲ್ಲಿರಬೇಕು. ಪಹಣಿಯಲ್ಲಿ ಎಲ್ಲರೂ ಮಾಲೀಕರ ಹೆಸರು ನೋಡುತ್ತಾರೆ; ಪರಿಸರ ಸಲಹೆಗಾರ ವಿಸ್ತೀರ್ಣದ ಕಾಲಂನಲ್ಲಿರುವ ಖರಾಬು ನೋಡಬೇಕು. ‘ಎ’ ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. ‘ಬಿ’ ಖರಾಬು ಎಂದರೆ ರಸ್ತೆ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದದ್ದು. ಅದರ ಮೇಲೆ ಕಟ್ಟುವಂತಿಲ್ಲ. 5 ಎಕರೆ 20 ಗುಂಟೆಯ ಸರ್ವೆ ನಂಬರಿನಲ್ಲಿ 6 ಗುಂಟೆ ‘ಬಿ’ ಖರಾಬು ಇದ್ದರೆ ಅದು ಸುಮಾರು 607 ಚದರ ಮೀಟರ್ ಹರಡಿದ ಹಳ್ಳವೇ ಇರಬಹುದು. ಜಾಗದಲ್ಲಿ ಅದು ಕಾಣದಿರಬಹುದು: ಯಾರೋ ಮಣ್ಣು ತುಂಬಿ ಸಮ ಮಾಡಿರುತ್ತಾರೆ. ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಹಳ್ಳ ಇದೆ ಎಂದೇ ಭಾವಿಸಿ ಕೆಲಸ ಮಾಡಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿಯನ್ನು ಮೊಬೈಲಿನಲ್ಲೇ ನೋಡಬಹುದು. ಅದು ಮೊದಲ ನೋಟಕ್ಕೆ ಸರಿ, ಅಳತೆಗೆ ಸಾಲದು. ಅಂತಿಮ ಗಡಿಗೆ ಸರ್ವೆ ಇಲಾಖೆಯ ಅಳತೆಯೇ ಬೇಕು.

ಮುಂದಿನದು ಬಫರ್, ಅಂದರೆ ಕೆರೆ, ಕಾಲುವೆಗಳ ಪಕ್ಕ ಕಟ್ಟದೆ ಬಿಡಬೇಕಾದ ಜಾಗ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಇಟ್ಟಿತ್ತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಯೋಜನೆಗಳ ವ್ಯಾಜ್ಯದಲ್ಲಿ ಹಸಿರು ನ್ಯಾಯಾಧಿಕರಣ 2016ರ ಮೇ 4ರಂದು ಇದನ್ನು ಕೆರೆಗೆ 75, ಕಾಲುವೆಗಳಿಗೆ ಕ್ರಮವಾಗಿ 50, 35, 25 ಎಂದು ಬದಲಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಬದಲಾವಣೆಯನ್ನು ರದ್ದುಗೊಳಿಸಿ ಮಹಾಯೋಜನೆಯ ಅಳತೆಗಳನ್ನೇ ಉಳಿಸಿತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು.

ಅಂಕಿ ಎಷ್ಟು ಮುಖ್ಯವೋ ಅಳೆಯಲು ಶುರು ಮಾಡುವ ಬಿಂದುವೂ ಅಷ್ಟೇ ಮುಖ್ಯ. ಮಹಾಯೋಜನೆಯಲ್ಲಿ ಕಾಲುವೆಯ ಬಫರ್ ಮಧ್ಯರೇಖೆಯಿಂದ, ನ್ಯಾಯಾಧಿಕರಣದ ಆದೇಶದಲ್ಲಿ ಅಂಚಿನಿಂದ. ಹತ್ತು ಮೀಟರ್ ಅಗಲದ ಕಾಲುವೆಗೆ ಮಧ್ಯದಿಂದ 50 ಎಂದರೆ ಅಂಚಿನಿಂದ 45 ಮಾತ್ರ. ಕೆರೆಗೆ ಕಂದಾಯ ದಾಖಲೆಯ ಗಡಿಯಿಂದ ಅಳೆಯಬೇಕು. ಬೇಸಿಗೆಯಲ್ಲಿ ಹಿಂದೆ ಸರಿದ ನೀರಿನ ಅಂಚಿನಿಂದ ಅಳೆದ ನಕ್ಷೆ ಒಂದು ನೋಟಕ್ಕೇ ತಿರಸ್ಕಾರವಾಗುತ್ತದೆ, ಆಗಬೇಕಾದದ್ದೂ ಹೌದು.

ಮೇಲಿನಿಂದ ಹರಿದುಬರುವ ಮಳೆನೀರನ್ನೂ ಲೆಕ್ಕ ಹಾಕಿ. ಮೇಲ್ಭಾಗದ ಜಲಾನಯನ 12 ಹೆಕ್ಟೇರ್, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.7, ಮಳೆಯ ತೀವ್ರತೆ ಗಂಟೆಗೆ 60 ಮಿ.ಮೀ. ಎಂದಿಟ್ಟುಕೊಂಡರೆ: 0.7 × 60 × 12 ÷ 360 = ಸೆಕೆಂಡಿಗೆ 1.4 ಘನ ಮೀಟರ್. ಇಷ್ಟು ನೀರಿಗೆ ದಾರಿ ಬಿಡದೆ ಕಾಂಪೌಂಡ್ ಎಬ್ಬಿಸಿದರೆ ಅದು ನೆಲಮಾಳಿಗೆಗೆ ನುಗ್ಗುತ್ತದೆ, ಇಲ್ಲವೇ ಪಕ್ಕದ ಬಡವರ ಮನೆಗೆ. ಎರಡನೆಯದನ್ನು ಯಾವ ನಮೂನೆಯೂ ಕೇಳುವುದಿಲ್ಲ, ನಾವೇ ನೋಡಬೇಕು.

ನೀರಿನ ಲೆಕ್ಕ

ಸಮಿತಿಯ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. 400 ಫ್ಲಾಟ್‌ಗಳ ಉದಾಹರಣೆ ನೋಡೋಣ.

ಫ್ಲಾಟಿಗೆ 5 ಜನ ಎಂದರೆ 2,000 ಜನ. ದಿನಕ್ಕೆ ತಲಾ 135 ಲೀಟರ್ ಎಂದರೆ 270 ಕೆಎಲ್‌ಡಿ (ಒಂದು ಕೆಎಲ್‌ಡಿ ಎಂದರೆ ದಿನಕ್ಕೆ ಸಾವಿರ ಲೀಟರ್). ಇದರಲ್ಲಿ 45 ಲೀಟರ್ ಫ್ಲಶ್‌ಗೆ, ಅಂದರೆ 90 ಕೆಎಲ್‌ಡಿಯನ್ನು ಶುದ್ಧೀಕರಿಸಿದ ನೀರಿನಿಂದ ತುಂಬಬೇಕು. ಹೊಸ ನೀರಿನ ಬೇಡಿಕೆ 180. ಕೊಳಚೆ: 180ರ ಶೇ. 80 ಅಂದರೆ 144, ಜೊತೆಗೆ ಫ್ಲಶ್‌ನ 90 ಪೂರ್ತಿ, ಒಟ್ಟು 234. ಎಸ್‌ಟಿಪಿ 250 ಕೆಎಲ್‌ಡಿ. ಶೇ. 95 ಮರಳಿ ಸಿಕ್ಕರೆ 222.

ಆ 222 ಎಲ್ಲಿಗೆ ಹೋಗುತ್ತದೆ? ಫ್ಲಶ್‌ಗೆ 90. ಐದು ಸಾವಿರ ಚದರ ಮೀಟರ್ ತೋಟಕ್ಕೆ ಚದರ ಮೀಟರಿಗೆ 4 ಲೀಟರಿನಂತೆ 20. ಉಳಿದದ್ದು 112. ಮಳೆ ಬಂದ ದಿನ ತೋಟಕ್ಕೆ ನೀರು ಬೇಡ. ಆಗ 132, ಅಂದರೆ 12,000 ಲೀಟರಿನ 11 ಟ್ಯಾಂಕರ್, ಪ್ರತಿದಿನ. ಅನೇಕ ವರದಿಗಳು ಈ ಶೇಷವನ್ನು ತೋಟದ ಸಾಲಿನಲ್ಲೇ ಅಡಗಿಸಿ ‘ಹೊರಗೆ ಒಂದು ಹನಿಯೂ ಹೋಗುವುದಿಲ್ಲ’ ಎಂದು ಬರೆಯುತ್ತವೆ. ತೋಟದ ವಿಸ್ತೀರ್ಣದಿಂದ ಭಾಗಿಸಿ ನೋಡಿದವರಿಗೆ ಗುಟ್ಟು ತಿಳಿಯುತ್ತದೆ. ಜನ ವಾಸಕ್ಕೆ ಬಂದ ಮೇಲೆ ಆ ನೀರು ರಾತ್ರಿ ಹೊತ್ತು ರಾಜಕಾಲುವೆ ಸೇರುತ್ತದೆ. ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು ಪ್ರತ್ಯೇಕ ಕೋಷ್ಟಕ ಕೊಡಿ. ಜಲಮಂಡಳಿಯ ಒಳಚರಂಡಿ ಇದೆಯೇ, ಅದಕ್ಕೆ ಒಪ್ಪಿಗೆ ಪತ್ರ ಇದೆಯೇ ಎಂಬುದನ್ನು ಅರ್ಜಿಯ ದಿನವೇ ಖಚಿತಪಡಿಸಿ.

ಎಸ್‌ಟಿಪಿಯ ಇನ್ನೊಂದು ತೊಂದರೆ ಕಾಗದದಲ್ಲಿ ಕಾಣುವುದಿಲ್ಲ. ಮೊದಲ ವರ್ಷ 40 ಕುಟುಂಬಗಳಷ್ಟೇ ಬಂದರೆ ಕೊಳಚೆ ಸುಮಾರು 23 ಕೆಎಲ್‌ಡಿ. 250ರ ಒಂದೇ ಟ್ಯಾಂಕಿನಲ್ಲಿ ಅಷ್ಟು ಕಡಿಮೆ ಆಹಾರಕ್ಕೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ವಾಸನೆ ಬರುತ್ತದೆ, ಹೊರಬರುವ ನೀರು ಮಾನದಂಡ ಮುಟ್ಟುವುದಿಲ್ಲ, ಜನ ಫ್ಲಶ್‌ಗೆ ಆ ನೀರು ಬೇಡವೆನ್ನುತ್ತಾರೆ. 75 ಮತ್ತು 175ರ ಎರಡು ಘಟಕಗಳಾಗಿ ವಿನ್ಯಾಸ ಮಾಡಿಸಿ, ಸಣ್ಣದನ್ನು ಮೊದಲು ನಡೆಸಿ. ಆರಂಭಕ್ಕೆ ಚಾಲ್ತಿಯಲ್ಲಿರುವ ಎಸ್‌ಟಿಪಿಯಿಂದ ಕೆಸರು ತಂದು ಹಾಕಿ. ಅದು ಸಿಗದಿದ್ದರೆ ಸೆಗಣಿಯೂ ನಡೆಯುತ್ತದೆ. ಫ್ಲಶ್‌ಗೆ ಪ್ರತ್ಯೇಕ ಕೊಳವೆ ಸಾಲು ಇರಬೇಕು. ಕಟ್ಟಿದ ಮೇಲೆ ಗೋಡೆ ಒಡೆದು ಅದನ್ನು ಸೇರಿಸಲು ಯಾರೂ ಒಪ್ಪುವುದಿಲ್ಲ.

ಕಡತದ ದಾರಿ

ಅರ್ಜಿ ಪರಿವೇಶ್ ಪೋರ್ಟಲ್‌ನಲ್ಲಿ. ರಾಜ್ಯದ ತಜ್ಞ ಪರಿಶೀಲನಾ ಸಮಿತಿ ನೋಡಿ ಶಿಫಾರಸು ಮಾಡುತ್ತದೆ, ರಾಜ್ಯ ಪ್ರಾಧಿಕಾರ ತೀರ್ಮಾನಿಸುತ್ತದೆ. 8(ಎ) ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಅಕ್ಕಪಕ್ಕದ ಊರಿನವರ ಮಾತು ಕೇಳುವ ವೇದಿಕೆಯೇ ಇಲ್ಲದ್ದರಿಂದ ಸಲಹೆಗಾರನ ಪ್ರಾಮಾಣಿಕತೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ. ಕೆಎಂಎಲ್ ಫೈಲಿನ (ಉಪಗ್ರಹ ನಕ್ಷೆಯ ಮೇಲೆ ಜಾಗ ತೋರಿಸುವ ಫೈಲು) ಗಡಿ, ಪಹಣಿಯ ವಿಸ್ತೀರ್ಣ, ವಾಸ್ತುಶಿಲ್ಪಿಯ ನಕ್ಷೆ, ಅರ್ಜಿಯ ಅಂಕಿ ಈ ನಾಲ್ಕೂ ಒಂದೇ ಹೇಳಬೇಕು. ನಕ್ಷೆ ಬದಲಾದಾಗ ಒಂದನ್ನು ತಿದ್ದಿ ಮೂರನ್ನು ಮರೆಯುವುದು ಕಡತ ವಾಪಸಾಗಲು ಅತಿ ಸಾಮಾನ್ಯ ಕಾರಣ.

ಪರಿಸರ ಅನುಮತಿ ಸಿಕ್ಕರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ಬೇರೆ ಬೇಕಾಗಬಹುದು. ಅದು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳ ಅಡಿಯದು. ವಾಸಕ್ಕೆ ಬಿಡುವ ಮುನ್ನ ಕಾರ್ಯಾಚರಣೆ ಸಮ್ಮತಿ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ.

ಅನುಮತಿ ಬಂದ ಮೇಲೆ

ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದು ಕನ್ನಡದ್ದು, ಪ್ರಕಟಣೆ ಕೊಡಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಹಸಿರು ನ್ಯಾಯಾಧಿಕರಣದಲ್ಲಿ ಮೇಲ್ಮನವಿಗೆ 30 ದಿನ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಆ ಗಡುವಿನ ಎಣಿಕೆ ಅನುಮತಿಯ ವಿಷಯ ಜನರಿಗೆ ತಿಳಿಸಿದಾಗಿನಿಂದ. ಪ್ರಕಟಣೆಯೇ ಇಲ್ಲದಿದ್ದರೆ ಗಡುವು ಮುಗಿಯಿತೆಂದು ವಾದಿಸುವುದು ಕಷ್ಟ.

ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅನುಸರಣಾ ವರದಿ. ‘ಪಾಲಿಸಲಾಗಿದೆ’ ಎಂಬ ಒಂದೇ ಪದವನ್ನು ನಲವತ್ತು ಷರತ್ತುಗಳ ಮುಂದೆ ಬರೆದ ವರದಿಗೆ ಬೆಲೆಯಿಲ್ಲ. ಮೇಲ್ಮಣ್ಣನ್ನು ಎಲ್ಲಿ ರಾಶಿ ಹಾಕಿದ್ದೀರಿ, ಎಷ್ಟು ಘನ ಮೀಟರ್, ಯಾವ ಹೊದಿಕೆ ಎಂದು ದಿನಾಂಕವಿರುವ ಫೋಟೊ ಸಮೇತ ಬರೆಯಿರಿ. ಪಿಎಂ10 (ಗಾಳಿಯಲ್ಲಿನ ಸೂಕ್ಷ್ಮ ದೂಳು) ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ ಮೀರಿದ್ದರೆ ಮೀರಿದೆ ಎಂದೇ ಬರೆದು, ನೀರು ಚಿಮುಕಿಸಿದ್ದು, ಲಾರಿಗೆ ಟಾರ್ಪಾಲು ಹೊದಿಸಿದ್ದು, ಚಕ್ರ ತೊಳೆಯುವ ಗುಂಡಿ ಮಾಡಿದ್ದು ಸೇರಿಸಿ. ಕಟ್ಟುತ್ತಿರುವಾಗ ಬಿಲ್ಡರ್ ಒಂದು ಮಹಡಿ ಏರಿಸಲು ಹೊರಟರೆ ಕಾಂಕ್ರೀಟ್ ಹಾಕುವ ಮುನ್ನವೇ ತಿದ್ದುಪಡಿ ಅರ್ಜಿ ಹೋಗಬೇಕು. 2024ರ ಏಪ್ರಿಲ್ 1ರಿಂದ ಪರಿಸರ ಕಾಯ್ದೆಯ ಉಲ್ಲಂಘನೆಗೆ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡವಿದೆ. ನ್ಯಾಯಾಧಿಕರಣ ವಿಧಿಸುವ ಪರಿಹಾರ ಇದರಿಂದ ಪ್ರತ್ಯೇಕ.