ಕವಚ ತಲೆಬುರುಡೆಯನ್ನು ಕಾಯುತ್ತದೆ, ಮಿದುಳನ್ನಲ್ಲ

ಸೂಪರ್‌ಹೀರೋ ಕಥೆಗಳಲ್ಲಿ ತಲೆಗೆ ಬೀಳುವ ಪೆಟ್ಟಿಗೆ ಬಹುಕಾಲ ಇದ್ದದ್ದು ಒಂದೇ ಕೆಲಸ: ಎದುರಾಳಿಯನ್ನು ಪ್ರಜ್ಞೆ ತಪ್ಪಿಸಿ ಮಲಗಿಸುವುದು, ಕಥೆಗೆ ಬೇಕಾದಾಗ ಅವನನ್ನು ಯಾವ ಊನವೂ ಇಲ್ಲದೆ ಎಬ್ಬಿಸುವುದು. 1938ರಲ್ಲಿ ಸೂಪರ್‌ಮ್ಯಾನ್, ಮರುವರ್ಷ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಪುಟಗಳಿಗೆ ಬರುವ ಹೊತ್ತಿಗೆ ವೈದ್ಯರಿಗೆ ಈ ನಂಬಿಕೆಯ ಬಗ್ಗೆ ಅನುಮಾನ ಹುಟ್ಟಿಯಾಗಿತ್ತು. ಪದೇ ಪದೇ ತಲೆಗೆ ಏಟು ತಿಂದ ಬಾಕ್ಸರ್‌ಗಳ ನಡಿಗೆ ತೊಡರುವುದನ್ನೂ ಬುದ್ಧಿ ಮಂಕಾಗುವುದನ್ನೂ ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು.

ಪೆಟ್ಟಿನ ಭೌತಶಾಸ್ತ್ರ ಸ್ಪಷ್ಟವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪ್ರಾಣಿಯ ತಲೆಯನ್ನು ಅಲುಗಾಡದಂತೆ ಬಿಗಿದಿಟ್ಟರೆ ಪೆಟ್ಟಿನಿಂದ ಕನ್‌ಕಶನ್ (ಮಿದುಳು ಅಲುಗಿ ಅದರ ಕೆಲಸ ತಾತ್ಕಾಲಿಕವಾಗಿ ಕೆಡುವುದು) ಆಗುವುದು ಕಷ್ಟ, ತಲೆ ಚಲಿಸಲು ಬಿಟ್ಟರೆ ಅದು ಸುಲಭವಾಗಿ ಆಗುತ್ತದೆ ಎಂದು ನರರೋಗತಜ್ಞರಾದ ಡೆನ್ನಿ-ಬ್ರೌನ್ ಮತ್ತು ರಸೆಲ್ 1941ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ ಆಕ್ಸ್‌ಫರ್ಡ್‌ನ ಭೌತಶಾಸ್ತ್ರಜ್ಞ ಹೋಲ್‌ಬರ್ನ್, ಜಿಲೆಟಿನ್ ಮಾದರಿಗಳ ನೆರವಿನಿಂದ, ತಲೆ ಗಕ್ಕನೆ ತಿರುಗಿದಾಗ ಮಿದುಳಿನ ಪದರಗಳು ಒಂದರ ಮೇಲೊಂದು ಜಾರುವಂಥ ಸೆಳೆತಕ್ಕೆ ಸಿಕ್ಕುವುದೇ ಹಾನಿಯ ಮುಖ್ಯ ಕಾರಣವೆಂದು ವಾದಿಸಿದರು. ಸುಮಾರು 1.4 ಕಿಲೋಗ್ರಾಂ ತೂಗುವ ಮಿದುಳನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ, ಆದರೆ ಅದರ ಆಕಾರ ಕೆಡಿಸುವುದು ತೀರಾ ಸುಲಭ.

1963ರಲ್ಲಿ ಬಂದ ಐರನ್ ಮ್ಯಾನ್‌ನ ಲೋಹದ ಕವಚಕ್ಕೆ ಇರುವ ತೊಡಕೂ ಇದೇ. ಅದು ಪೆಟ್ಟನ್ನು ವಿಶಾಲವಾಗಿ ಹಂಚಿ ಮೂಳೆ ಮುರಿಯದಂತೆ ತಡೆಯಬಹುದು, ಆದರೆ ಕವಚ ಒಮ್ಮೆಲೇ ನಿಂತರೆ ಒಳಗಿನ ತಲೆಯೂ ಹೆಚ್ಚುಕಡಿಮೆ ಒಮ್ಮೆಲೇ ನಿಲ್ಲಬೇಕು. ಕವಚ ಎಷ್ಟು ಗಟ್ಟಿ ಎಂಬುದಕ್ಕಿಂತ, ನಿಲ್ಲಲು ಎಷ್ಟು ದೂರ ಸಿಗುತ್ತದೆ ಎಂಬುದು ಇಲ್ಲಿ ಮುಖ್ಯ.

ಕಾಮಿಕ್ಸ್ ಈ ಸತ್ಯವನ್ನು ನೇರವಾಗಿ ಎದುರಿಸಿದ್ದು 1973ರಲ್ಲಿ, ಸೇತುವೆಯಿಂದ ಬೀಳುತ್ತಿದ್ದ ತನ್ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸ್ಪೈಡರ್‌ಮ್ಯಾನ್‌ನ ಬಲೆ ತಡೆದೂ ಆಕೆ ಉಳಿಯದಿದ್ದಾಗ. ಲೆಕ್ಕ ಸರಳವಾಗಿದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, 80 ಮೀಟರ್ ಬಿದ್ದ ದೇಹದ ವೇಗ ಸೆಕೆಂಡಿಗೆ ಸುಮಾರು 40 ಮೀಟರ್. ಅದನ್ನು 10 ಸೆಂಟಿಮೀಟರ್‌ನೊಳಗೆ ಸಮನಾಗಿ ನಿಲ್ಲಿಸಿದರೆ ವೇಗ ತಗ್ಗುವ ದರ ಗುರುತ್ವದ 800 ಪಟ್ಟು, 10 ಮೀಟರ್ ಉದ್ದಕ್ಕೆ ನಿಧಾನವಾಗಿಸಿದರೆ ಬರೀ 8 ಪಟ್ಟು. ಬೀಳುವವರನ್ನು ಗಾಳಿಯಲ್ಲೇ ತಟ್ಟನೆ ಹಿಡಿದು ನಿಲ್ಲಿಸುವ ಉಕ್ಕಿನ ತೋಳುಗಳು ನೆಲಕ್ಕಿಂತ ಹೆಚ್ಚು ದಯಾಳುವೇನಲ್ಲ. ಈ ಒಂದು ಸಾವು ನೂರಾರು ಸಲೀಸಾದ ರಕ್ಷಣೆಗಳಿಗಿಂತ ಪ್ರಾಮಾಣಿಕ ಎಂದೇ ನಾನು ಭಾವಿಸುತ್ತೇನೆ.

ಜೀವಶಾಸ್ತ್ರದ ಕಡೆ ಕಥೆಗಳು ಇನ್ನೂ ಹಿಂದಿವೆ. ಸೆಳೆತಕ್ಕೆ ಸಿಕ್ಕ ನರತಂತು ಆ ಕ್ಷಣವೇ ತುಂಡಾಗಬೇಕೆಂದಿಲ್ಲ: ಕ್ಯಾಲ್ಸಿಯಂ ಅದರೊಳಗೆ ನುಗ್ಗುತ್ತದೆ, ಒಳಗಿನ ಸೂಕ್ಷ್ಮ ನಾಳಗಳು ಮುರಿಯುತ್ತವೆ, ಸಾಗಣೆ ನಿಂತಲ್ಲಿ ತಂತು ಊದಿಕೊಳ್ಳುತ್ತದೆ, ಗಂಟೆಗಳು ಕಳೆದ ಮೇಲೆ ಕಡಿದುಹೋಗುತ್ತದೆ. ಎದ್ದು ನಿಂತು ಮಾತಾಡುವವನು ಪಾರಾದನೆಂದು ಅದಕ್ಕೇ ಹೇಳಲಾಗದು. ಪ್ರಜ್ಞೆ ಅರ್ಧ ಗಂಟೆ ಮೀರಿ ತಪ್ಪಿದರೆ ವೈದ್ಯರು ಅದನ್ನು ಸಣ್ಣ ಗಾಯವೆಂದು ಪರಿಗಣಿಸುವುದಿಲ್ಲ, ಕಾವಲುಗಾರರನ್ನು ರಾತ್ರಿಯಿಡೀ ಮಲಗಿಸುವ ದೃಶ್ಯಗಳು ಮಾತ್ರ ಹಾಗೆಯೇ ಉಳಿದಿವೆ. ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನ ಮಿದುಳಿನಲ್ಲಿ ಕಂಡ ದೀರ್ಘಕಾಲದ ಹಾನಿಯನ್ನು ರೋಗಶಾಸ್ತ್ರಜ್ಞ ಬೆನೆಟ್ ಒಮಾಲು 2005ರಲ್ಲಿ ಪ್ರಕಟಿಸಿದ ನಂತರವಂತೂ, ದಶಕಗಟ್ಟಲೆ ಹೊಡೆದಾಡುವ ನಾಯಕನ ಮುಪ್ಪಿನ ಬಗ್ಗೆ ಬರೆಯದಿರಲು ನೆಪವೇ ಇಲ್ಲ.

ವುಲ್ವರಿನ್‌ನಂತೆ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿಯೂ ಪೂರ್ಣ ಪರಿಹಾರವಲ್ಲ. ನೆನಪು ನೆಲೆಸಿರುವುದು ಬಹುಮಟ್ಟಿಗೆ ನರಕೋಶಗಳ ನಡುವಿನ ಸಂಪರ್ಕಗಳಲ್ಲಿ, ಹಾಗಾಗಿ ಕೋಶಗಳು ಮತ್ತೆ ಬೆಳೆದರೂ ಹಳೆಯ ಸಂಪರ್ಕಗಳು ಇದ್ದಂತೆಯೇ ಕೂಡಿಕೊಳ್ಳದಿದ್ದರೆ ಕಳೆದ ನೆನಪು ಮರಳುವುದಿಲ್ಲ.