ಏರಿ ಮೇಲಿನ ಮರ ಕಡಿದು ಬೊಡ್ಡೆ ಬಿಟ್ಟವರಿಗೆ

ಕೆರೆ ಏರಿ ಮೇಲೆ ಗಿಡ ನೆಡಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ. ವನಮಹೋತ್ಸವ ಬಂತು ಅಂದರೆ ಹೊಂಗೆ, ಬೇವು ತಂದು ಏರಿ ಉದ್ದಕ್ಕೂ ಸಾಲಾಗಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಕೇಳಿದರೆ 'ಹಕ್ಕಿಗಳಿಗೆ ಒಳ್ಳೇದಲ್ವಾ ಸಾರ್?' ಅನ್ನುತ್ತಾರೆ. ಹೋಗಲಿ, ಅವರಿಗೆ ಗೊತ್ತಿಲ್ಲ. ನನಗೆ ಸಿಟ್ಟು ಬರುವುದು ಗೊತ್ತಿದ್ದವರ ಮೇಲೆ. ಏರಿ ಮೇಲೆ ಮರ ಇರಬಾರದು ಅಂತ ತಿಳಿದುಕೊಂಡು, ಮರವನ್ನು ನೆಲಮಟ್ಟಕ್ಕೆ ಕೊಯ್ಸಿ, ಬೊಡ್ಡೆ ಹಾಗೇ ಬಿಟ್ಟು, 'ಕ್ಲೀನ್ ಮಾಡಿಸಿದ್ವಿ' ಅಂತ ಬಿಲ್ ಬರೆಯುವವರ ಮೇಲೆ.

ಬದುಕಿರುವ ಬೇರು ತನ್ನ ಜಾಗ ತುಂಬಿಕೊಂಡು ಕೂತಿರುತ್ತದೆ. ಸತ್ತ ಬೇರು ಕೊಳೆಯುತ್ತದೆ. ಕೊಳೆತ ಮೇಲೆ ಅಲ್ಲಿ ಬೇರಿನಷ್ಟೇ ದಪ್ಪದ ಟೊಳ್ಳು ಉಳಿಯುತ್ತದೆ. ಕೆರೆ ತುಂಬಿದಾಗ ನೀರು ಆ ದಾರಿ ಹಿಡಿಯುತ್ತದೆ, ಹೋಗುತ್ತಾ ಹೋಗುತ್ತಾ ಮಣ್ಣಿನ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ, ಟೊಳ್ಳು ದೊಡ್ಡದಾಗುತ್ತದೆ, ಏರಿ ಮೇಲೆ ನಿಂತವರಿಗೆ ಮಾತ್ರ ಏನೂ ಕಾಣುವುದಿಲ್ಲ. ಇದು ಕಡಿದ ತಕ್ಷಣ ಆಗುವುದಲ್ಲ, ಕೆಲವು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಬಿಲ್ ಬರೆದವರು ವರ್ಗವಾಗಿರುತ್ತಾರೆ!

ನಮ್ಮ ಕಡೆ ಇನ್ನೊಂದು ತೊಂದರೆ. ಕೆರೆಗಳು ವರ್ಷಗಟ್ಟಲೆ ಒಣಗಿ, ಒಂದೇ ಮಳೆಗಾಲದಲ್ಲಿ ತುಂಬುತ್ತವೆ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದು ಕಲ್ಲಿನ ಕಟ್ಟೆ, ಬೇರಿನ ಭಯ ಇಲ್ಲ. ಒಣಗಿ ಬಿರುಕು ಬಿಟ್ಟ ಮಣ್ಣಿನ ಏರಿಗೆ ಆ ಮೊದಲ ಭರ್ತಿಯೇ ಪರೀಕ್ಷೆ. ಆಗ ಏರಿಯ ಹೊರಮುಖದ ಬುಡ ನೋಡಿ. ತಿಳಿನೀರು ಜಿನುಗುವುದು ಹಳೇ ಏರಿಗಳಲ್ಲಿ ಮಾಮೂಲಿ, ಜಾಸ್ತಿ ಆಗುತ್ತಿದೆಯಾ ಅಂತ ಗಮನ ಇಟ್ಟರೆ ಸಾಕು. ರಾಡಿ ನೀರು ಬಂದರೆ ಅವತ್ತೇ ಇಂಜಿನಿಯರನ್ನು ಕರೆಸಿ, ಮರುದಿನ ಅಲ್ಲ.

ಚನ್ನಗಿರಿ ಕಡೆ ಒಬ್ಬ ಅಜ್ಜ ನನ್ನನ್ನು ತಡೆದು ಕೇಳಿದ್ದ: 'ಸೂಳೆಕೆರೆ ಏರಿ ನೂರಾರು ವರ್ಷದಿಂದ ನಿಂತೈತಿ, ಆವಾಗ ನಿಮ್ಮಂಥ ಇಂಜಿನಿಯರ್ ಇದ್ರೇನಪ್ಪಾ?' ನಕ್ಕುಬಿಟ್ಟೆ. ಎರಡು ಗುಡ್ಡಗಳ ನಡುವೆ, ಅಷ್ಟು ದಪ್ಪಕ್ಕೆ ಕಟ್ಟಿದ ಏರಿ ಅದು ಅಜ್ಜ, ನಿಮ್ಮೂರಿನದು ಹಾಗಿಲ್ಲ ಅಂದೆ. ಮುಂಚೆ ಕೆರೆ ನೀರು ನೋಡಿಕೊಳ್ಳುವ ನೀರಗಂಟಿ ಏರಿ ಮೇಲೆ ಓಡಾಡುತ್ತಾ ಸಸಿ ಕೀಳುತ್ತಿದ್ದ, ಈಗ ಆ ಕೆಲಸಕ್ಕೆ ಯಾರೂ ಇಲ್ಲ ಅಂತ ಅವನೇ ಒಪ್ಪಿಕೊಂಡ.

ಸರಿಯಾಗಿ ಮಾಡುವುದಾದರೆ, ಬೇಸಿಗೆಯಲ್ಲಿ ನೀರು ಇಳಿದಾಗ ಬೊಡ್ಡೆ, ದಪ್ಪ ಬೇರು ಎಲ್ಲ ಕಿತ್ತು, ಏರಿಗೆ ಹೊಂದುವ ಮಣ್ಣನ್ನು ತೆಳು ಪದರವಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಮೇಲೆ ಗರಿಕೆ ಇರಲಿ. ಆಲದಂಥ ಹಳೇ ಮರ ಇದ್ದರೆ, ಏರಿ ನೋಡದೆ ನಾನು ಏನೂ ಹೇಳುವುದಿಲ್ಲ.

ಹಕ್ಕಿಗಳಿಗೆ ಬೇಕಾದ್ದು ಏರಿ ಮೇಲಿನ ಹೊಂಗೆಗಿಂತ ಜಾಸ್ತಿ ಕೆರೆಯ ನೀರು. ಕೊಕ್ಕರೆ, ನೀರುಕಾಗೆಗಳು ಕೆರೆ ಅಂಗಳದ ಕರಿಜಾಲಿಯಲ್ಲಿ, ಸುತ್ತ ನೀರಿದ್ದಾಗ ಖುಷಿಯಾಗಿ ಗೂಡು ಕಟ್ಟುತ್ತವೆ. ಗಿಡ ಅಲ್ಲಿ ನೆಡಿ. ಏರಿ ಮೇಲಿನ ಮರದಲ್ಲೇ ಗೂಡಿದ್ದರೆ ಮರಿ ಹಾರುವ ತನಕ ಕಾಯಿರಿ. ಹಾಗೆ ಕಾದು, ಮಳೆಗೆ ಮುಂಚೆ ಬೊಡ್ಡೆ ಕಿತ್ತ ಗುಂಡಿ ಮುಚ್ಚಲು ಆಗುವುದಿಲ್ಲ ಅನಿಸಿದರೆ, ಈ ವರ್ಷ ಆ ಮರಕ್ಕೆ ಕೈ ಹಾಕಬೇಡಿ. ಮುಂದಿನ ಬೇಸಿಗೆಗೆ ನೋಡಿಕೊಳ್ಳೋಣ.